ಅವಳ ಕೈಗೆ ಹಗುರವಾದದ್ದು

ನನ್ನ ಹೆಂಡತಿಯ ಬಲಗೈ ಹೆಬ್ಬೆರಳು ಮೊದಲ ಸಲ ಮಾತು ಕೇಳದೆ ಹೋದದ್ದು ವಿಜಯನಗರದ ಒಂದು ಮನೆಯ ತೊಟ್ಟಿಲ ಶಾಸ್ತ್ರದಲ್ಲಿ. ಹೆಂಗಸರು ಮಗುವನ್ನು ತೊಟ್ಟಿಲ ಕೆಳಗಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದರು. ಅವಳು ಮಂಡಿಯೂರಿ ಕೂತು ಫೋಟೋ ತೆಗೆಯುತ್ತಿದ್ದಳು. ಕ್ಯಾಮೆರಾದ ಹಿಂದುಗಡೆ ಹೆಬ್ಬೆರಳಿಂದ ತಿರುಗಿಸುವ ಒಂದು ಚಕ್ರ ಇರುತ್ತದೆ. ಬೆರಳು ಅದರ ಮೇಲಿಂದ ಜಾರಿತು, ಮತ್ತೆ ಇಟ್ಟಳು, ಮತ್ತೆ ಜಾರಿತು. ಅಷ್ಟರಲ್ಲಿ ಮಗು ದಾಟಿ ಆಗಿತ್ತು. ಇನ್ನೊಂದು ಸಲ ದಾಟಿಸುತ್ತೀರಾ ಅಂತ ಆ ಹೆಂಗಸರನ್ನು ಕೇಳಿಕೊಂಡಳಂತೆ. ಅಲ್ಲಿಯವರೆಗೆ ಯಾವ ಮನೆಯಲ್ಲೂ ಹಾಗೆ ಕೇಳಿದವಳಲ್ಲ. ಮನೆಗೆ ಬಂದು ಬ್ಯಾಗು ಕೆಳಗಿಡುತ್ತಾ ನನಗೆ ಹೇಳಿದಳು: "ಹೆಬ್ಬಟ್ಟು ಮಾತು ಕೇಳವಲ್ದು ನೋಡ್ರಿ. ಕ್ಯಾಮೆರಾ ಭಾಳ ಭಾರ ಆಗೇತಿ."

ಭಾರವೇ ಕಾರಣ ಅಂತ ಇಬ್ಬರೂ ನಂಬಿದೆವು. ನಂಬದೆ ಇರುವುದಕ್ಕೆ ಏನೂ ಇರಲಿಲ್ಲ. ಆ ಕ್ಯಾಮೆರಾ ನಿಜವಾಗಿಯೂ ಭಾರ. ಒಳಗೆ ಕನ್ನಡಿ ಇರುವ ಹಳೆಯ ಕಾಲದ ದೊಡ್ಡ ಕ್ಯಾಮೆರಾ, ಅದರ ಮುಂದೆ ಒಂದು ಉದ್ದನೆಯ ಲೆನ್ಸು. ಅದನ್ನು ಕೊರಳಿಗೆ ಹಾಕಿಕೊಂಡು ಅವಳು ವರ್ಷಗಟ್ಟಲೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಸೀಮಂತ, ತೊಟ್ಟಿಲು, ಆರತಿ ಅಂತ ಓಡಾಡಿದ್ದಳು. ಮದುವೆ ಛತ್ರದ ಕೆಲಸ ಒಪ್ಪುತ್ತಿರಲಿಲ್ಲ. ಹೆಂಗಸರೇ ಇರುವ, ಗಂಡಸು ಫೋಟೋಗ್ರಾಫರ್ ಬಂದರೆ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂರುವಂಥ ಮನೆಗಳಿಗೆ ಮಾತ್ರ ಹೋಗುತ್ತಿದ್ದಳು. ಗದಗಿನ ಕಡೆಯವಳು. ಮದುವೆಯಾಗಿ ಬಂದು ಅಷ್ಟು ಕಾಲವಾದರೂ ಅವಳ ಮಾತು ಬದಲಾಗಿರಲಿಲ್ಲ. ಆ ಮನೆಗಳ ಅಜ್ಜಿಯರಿಗೆ ಆ ಮಾತೇ ಇಷ್ಟ. ದಾವಣಗೆರೆ, ಹಾವೇರಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಅಜ್ಜಿಯರು, ನಮ್ಮ ಕಡೆ ಹುಡುಗಿ ಅಂತ ಅವಳನ್ನು ಅಡುಗೆಮನೆಯ ತನಕ ಬಿಟ್ಟುಕೊಳ್ಳುತ್ತಿದ್ದರು.

ನನ್ನದು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಬೇರಿಂಗ್ ಅಂಗಡಿ. ಅಪ್ಪ ಚಿತ್ರದುರ್ಗದ ಕಡೆಯಿಂದ ಬಂದು ಹಾಕಿದ್ದು. ನನಗೆ ಫೋಟೋ ಅಂದರೆ ಏನೂ ಗೊತ್ತಿರಲಿಲ್ಲ. ಒಂದು ಚಕ್ರ ಸರಿಯಾಗಿ ತಿರುಗುತ್ತಿದೆಯೋ ಇಲ್ಲವೋ ಅಂತ ಕೈಯಲ್ಲಿ ಹಿಡಿದರೆ ಹೇಳಬಲ್ಲೆ, ಅಷ್ಟೇ. ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಕ್ಕೆ ಏನಿಲ್ಲ.

ಕನ್ನಡಿ ಇಲ್ಲದ ಸಣ್ಣ ಕ್ಯಾಮೆರಾ ತಗೊಳ್ಳೋಣ ಅಂತ ನಾನೇ ಹೇಳಿದೆ. ಅಂಗಡಿಗೆ ಬರುವ ಒಬ್ಬ ಗಿರಾಕಿ ಅದರ ವಿಷಯ ಹೇಳಿದ್ದ. ಒಳಗಿನ ಕನ್ನಡಿ ತೆಗೆದುಬಿಟ್ಟರೆ ಕ್ಯಾಮೆರಾ ತೆಳ್ಳಗಾಗುತ್ತೆ, ಬೆಳಕು ಬೀಳುವ ಸೆನ್ಸರ್ ಚಿಕ್ಕದಿದ್ದರೆ ಲೆನ್ಸೂ ಚಿಕ್ಕದಾಗುತ್ತೆ ಅಂತ. ಹೊಸದಕ್ಕಿಂತ ಬಳಸಿದ್ದೇ ತಗೊಳ್ಳಿ, ಈ ಜನ ವರ್ಷಕ್ಕೊಂದು ಬದಲಾಯಿಸುತ್ತಾರೆ ಅಂತಲೂ ಹೇಳಿದ್ದ. ಆ ಭಾನುವಾರ ಬೆಳಿಗ್ಗೆ ನಾವು ಮಹಾಲಕ್ಷ್ಮಿ ಲೇಔಟಿನ ಒಂದು ಮನೆಗೆ ಹೋದೆವು.

ಮಾರುವವರು ಒಬ್ಬ ನಿವೃತ್ತ ಇಂಜಿನಿಯರ್. ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ಬೀರು, ಒಳಗೆ ಸಾಲಾಗಿ ಲೆನ್ಸುಗಳು, ತೇವ ಎಳೆಯುವ ಸಣ್ಣ ಸಣ್ಣ ಚೀಲಗಳು. ಮನೆಯ ಯಾವ ಗೋಡೆಯ ಮೇಲೂ ಒಂದೇ ಒಂದು ಫೋಟೋ ಇರಲಿಲ್ಲ. ಆದರೆ ಮನುಷ್ಯ ಒಳ್ಳೆಯವರು. ಟೇಬಲ್ಲಿನ ಮೇಲೆ ಮೆತ್ತನೆ ಟವಲ್ ಹಾಸಿ ಒಂದೊಂದೇ ತೆಗೆದಿಟ್ಟರು. ಹಳೆಯ ಕ್ಯಾಮೆರಾ ನೋಡುವುದು ಹೇಗೆ ಅಂತ ನನಗೆ ಅವರೇ ಕಲಿಸಿದ್ದು. ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಿ, ಒಳಗೆ ಬೂಷ್ಟು ಹಿಡಿದಿದ್ದರೆ ಎಳೆ ಎಳೆಯಾಗಿ ಕಾಣುತ್ತೆ. ಮುಚ್ಚಳ ಹಾಕಿಯೇ ಒಂದು ಫೋಟೋ ತೆಗೆಯಿರಿ, ಕಪ್ಪಿನಲ್ಲಿ ಬಿಳಿ ಚುಕ್ಕಿ ಕಂಡರೆ ಸೆನ್ಸರಿಗೆ ವಯಸ್ಸಾಗಿದೆ. ಲೆನ್ಸಿನ ರಿಂಗು ತಿರುಗಿಸಿ ನೋಡಿ, ಮರಳು ಸಿಕ್ಕಿದ ಹಾಗೆ ಅನ್ನಿಸಬಾರದು. ಈ ಕೊನೆಯದು ನನಗೆ ಗೊತ್ತಿದ್ದ ವಿದ್ಯೆ. ರಿಂಗುಗಳನ್ನೆಲ್ಲ ನಾನು ತಿರುಗಿಸಿ ನೋಡಿದೆ.

ಅವಳು ಬೇರೆಯದೇ ರೀತಿಯಲ್ಲಿ ಆರಿಸಿದಳು. ಲೆನ್ಸಿಲ್ಲದ ಪ್ರತಿಯೊಂದು ಕ್ಯಾಮೆರಾ ಬಾಡಿಯನ್ನೂ ಬಲಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಸುಮ್ಮನೆ ನಿಂತಳು. ಯಾವುದು ಚೆನ್ನಾಗಿ ತೆಗೆಯುತ್ತೆ ಅಂತ ಇಂಜಿನಿಯರ್ ವಿವರಿಸುತ್ತಿದ್ದರು, ಅವಳು ಹೂಂಗುಟ್ಟುತ್ತಿದ್ದಳು, ಆದರೆ ಅವಳ ಗಮನ ಪೂರ್ತಿ ಆ ಹೆಬ್ಬೆರಳ ಮೇಲಿತ್ತು. ಕೊನೆಗೆ ಆರಿಸಿದ್ದು ಅವರ ಪ್ರಕಾರ ಅಷ್ಟೇನೂ ಒಳ್ಳೆಯದಲ್ಲದ ಒಂದು ಹಳೆಯ ಬಾಡಿ. ಅದರ ಹಿಂಭಾಗದಲ್ಲಿ ಹೆಬ್ಬೆರಳು ಕೂರಲು ರಬ್ಬರಿನ ಒಂದು ಉಬ್ಬು ಇತ್ತು. ಲೆನ್ಸ್ ಆರಿಸುವಾಗಲೂ ಹಾಗೇ. ದೂರದ್ದನ್ನು ಹತ್ತಿರಕ್ಕೆಳೆಯುವ ಝೂಮ್ ಬೇಡ, ಅದನ್ನು ತಿರುಗಿಸುವುದಕ್ಕೆ ಎಡಗೈ ಬೇಕು, ಕೈಗೆ ಕೆಲಸ ಕಮ್ಮಿಯಾಗಲಿ ಅಂದಳು. ಝೂಮ್ ಇಲ್ಲದ, ಚಪ್ಪಟೆಯಾದ ಒಂದು ಪುಟ್ಟ ಲೆನ್ಸ್ ಇತ್ತು. ಪ್ಯಾನ್‌ಕೇಕ್ ಅಂತಾರೆ ಅಂದರು ಇಂಜಿನಿಯರ್. "ಹೋಳಿಗಿ ಇದ್ದಂಗ ಐತಿ," ಅಂತ ನಕ್ಕಳು. ಮುಂದೆ ನಮ್ಮ ಮನೆಯಲ್ಲಿ ಅದಕ್ಕೆ ಹೋಳಿಗೆ ಅಂತಲೇ ಹೆಸರು. ಹತ್ತಿರದ್ದು ಬೇಕಾದರೆ ನಾನೇ ಎರಡು ಹೆಜ್ಜೆ ಮುಂದೆ ಹೋಗುತ್ತೇನೆ, ಕಾಲು ಗಟ್ಟಿ ಇದೆಯಲ್ಲ ಅಂದಳು.

ಪರೀಕ್ಷೆಗೆ ಅಂತ ಕಿಟಕಿಯ ಪಕ್ಕ ನನ್ನನ್ನೇ ನಿಲ್ಲಿಸಿ ಒಂದು ಫೋಟೋ ತೆಗೆದಳು. ಮುಂದೆ ಹೋದ ಕಡೆಯಲ್ಲೆಲ್ಲ ಹಾಗೇ ಆಯಿತು. ಈಗ ನನ್ನ ಹತ್ತಿರ ಇರುವ ನನ್ನ ಫೋಟೋಗಳೆಲ್ಲ ಯಾರದೋ ಮನೆಯ ಕಿಟಕಿಯ ಬಳಿ, ಚಪ್ಪಲಿ ಬಿಟ್ಟು, ಬೇರೆಯವರ ನಡುಮನೆಯಲ್ಲಿ ನಿಂತು ತೆಗೆಸಿಕೊಂಡವು.

ಸಣ್ಣ ಕ್ಯಾಮೆರಾದಿಂದ ಒಂದಿಷ್ಟು ತಿಂಗಳು ಖುಷಿಯಾಗಿದ್ದಳು. ಆಮೇಲೆ ಅದರ ಗುಂಡಿ ಒತ್ತುವ ತೋರುಬೆರಳೂ ಸೋಲತೊಡಗಿತು. ಅಂಗೈಯ ಮಾಂಸ ಇಳಿಯಿತು. ಹೆಬ್ಬೆರಳ ಬುಡ ಗುಳಿ ಬಿದ್ದ ಹಾಗಾಯಿತು. ಮೂಳೆ ಡಾಕ್ಟರು ಕತ್ತಿನ ನರ ಅಂದರು, ಇನ್ನೊಬ್ಬರು ವಿಟಮಿನ್ ಅಂದರು. ಅವಳು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಸಿಕೊಳ್ಳುತ್ತಾ, ಇನ್ನೂ ಹಗುರವಾದ ಲೆನ್ಸ್ ಯಾವುದು ಅಂತ ಫೋನಿನಲ್ಲಿ ಹುಡುಕುತ್ತಿದ್ದಳು. ನಾನು ಅಂಗಡಿಯ ತಕ್ಕಡಿಯಲ್ಲಿ ಕ್ಯಾಮೆರಾ ಇಟ್ಟು ತೂಗಿ, ಎಷ್ಟು ಕಮ್ಮಿ ಮಾಡಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಕೊರಳಪಟ್ಟಿಯ ಕಬ್ಬಿಣದ ಉಂಗುರಗಳನ್ನೂ ಕಿತ್ತು ಹಾಕಿದೆ.

ಕಡೆಗೆ ನರದ ದೊಡ್ಡ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಣ್ಣುಮಗಳು, ಮೃದುವಾಗಿ ಮಾತಾಡುತ್ತಿದ್ದರು. ಸಣ್ಣ ಸುತ್ತಿಗೆಯಿಂದ ಮಂಡಿ, ಮೊಣಕೈ ತಟ್ಟಿ ನೋಡಿದರು. ನಾಲಿಗೆ ಹೊರಗೆ ಹಾಕದೆ ಬಾಯಿ ತೆರೆಯಿರಿ ಅಂದರು. ಬಹಳ ಹೊತ್ತು ಅವಳ ನಾಲಿಗೆಯನ್ನೇ ನೋಡಿದರು. ನಾನೂ ಬಗ್ಗಿ ನೋಡಿದೆ. ನಾಲಿಗೆಯ ಮೇಲೆ, ಒಳಗೆ ಹುಳ ಹರಿದ ಹಾಗೆ, ಸಣ್ಣಗೆ ಏನೋ ಅದುರುತ್ತಿತ್ತು. ಮತ್ತಷ್ಟು ಪರೀಕ್ಷೆಗಳಾದ ಮೇಲೆ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈ, ಆಮೇಲೆ ಕಾಲು, ಮಾತು, ನುಂಗುವುದು, ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ, ಕಣ್ಣಿಗೆ ಏನೂ ಆಗುವುದಿಲ್ಲ. ಔಷಧ ನಿಧಾನ ಮಾಡಬಹುದು, ನಿಲ್ಲಿಸಲಾರದು. ಅವಳು ಒಂದೇ ಪ್ರಶ್ನೆ ಕೇಳಿದಳು, ಕ್ಯಾಮೆರಾ ಭಾರ ಎತ್ತಿದ್ದಕ್ಕೆ ಬಂತಾ ಅಂತ. ಅಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು ಡಾಕ್ಟರು. ಅವಳಿಗೆ ಅಷ್ಟು ಸಮಾಧಾನವಾದದ್ದು ಮುಖದ ಮೇಲೆ ಕಂಡಿತು.

ಅವತ್ತೇ ಸಂಜೆ ದೀಪಾಂಜಲಿ ನಗರದಲ್ಲಿ ಒಂದು ಲೆನ್ಸ್ ನೋಡಲು ಬರುತ್ತೇವೆ ಅಂತ ಮೊದಲೇ ಹೇಳಿಟ್ಟಿದ್ದೆವು. ನಾನು ಆಸ್ಪತ್ರೆಯ ಹೊರಗೆ ನಿಂತು, ಬರಲಾಗುವುದಿಲ್ಲ ಅಂತ ಫೋನ್ ಮಾಡಲು ಹೊರಟೆ. ಅವಳು ನನ್ನ ತೋಳು ಹಿಡಿದಳು. "ಬರ್ತೇವಿ ಅಂದ ಮ್ಯಾಲ ಹೋಗಬೇಕಲ್ರಿ. ಪಾಪ, ಅವರು ಕಾಯ್ಕೊಂತ ಕುಂತಿರ್ತಾರ."

ಹೋದೆವು. ಮೈಸೂರು ರಸ್ತೆಯ ಗದ್ದಲ ಕಿಟಕಿಯಿಂದ ಒಳಗೇ ಬರುವಂಥ ಎರಡನೇ ಮಹಡಿ. ಹೊಸದಾಗಿ ಮದುವೆಯಾದ ಒಬ್ಬ ಬ್ಯಾಂಕ್ ಉದ್ಯೋಗಿ, ಹೆಂಡತಿ ಕಾಫಿ ತಂದರು. ಲೆನ್ಸು ಡಬ್ಬಿ ಸಮೇತ ಹೊಸದರಂತಿತ್ತು. ಬೀರುವಿನಲ್ಲೇ ಇಟ್ಟಿದ್ವಿ ಸಾರ್, ಬಳಸೇ ಇಲ್ಲ ಅಂದರು ಅವರು. ನನ್ನ ಹೆಂಡತಿ ಟಾರ್ಚು ಕೇಳಿದಳು. ನಾನು ಹಿಡಿದೆ, ಅವಳು ಎರಡೂ ಅಂಗೈಗಳ ನಡುವೆ ಲೆನ್ಸನ್ನು ಒತ್ತಿ ಹಿಡಿದುಕೊಂಡು ಒಳಗೆ ನೋಡಿದಳು. ನಾನೂ ನೋಡಿದೆ. ಗಾಜಿನ ಒಂದು ಅಂಚಿನಿಂದ ಬಿಳಿಯ ಎಳೆಗಳು, ಜೇಡರ ಬಲೆಗಿಂತ ಸಣ್ಣವು, ಕವಲೊಡೆದು ನಡುವಿನ ಕಡೆಗೆ ಹೊರಟಿದ್ದವು.

ಅವಳು ಲೆನ್ಸನ್ನು ಅದರ ಡಬ್ಬಿಯ ಪಕ್ಕ ಮೆಲ್ಲಗೆ ಇಟ್ಟಳು. ಬಳಸದೆ ಕತ್ತಲಲ್ಲಿ ಇಟ್ಟರೆ ಹೀಗಾಗುತ್ತೆ, ನಿಮ್ಮ ತಪ್ಪಲ್ಲ, ಬೇರೆ ಲೆನ್ಸುಗಳ ಜೊತೆ ಇಡಬೇಡಿ ಅಂತ ಅವರಿಗೆ ಹೇಳಿದಳು. ಆತ ಬೆಳಕಿಗೆ ಹಿಡಿದು ನೋಡಿ ಪೆಚ್ಚಾದರು. ಒರೆಸಿದ್ರೆ ಹೋಗಲ್ವಾ ಮೇಡಂ ಅಂತ ಕೇಳಿದರು. "ಒಳಗ ಬಂತು ಅಂದ್ರ ಒರಸಾಕ ಬರಂಗಿಲ್ರಿ," ಅಂದಳು. ಕಾಫಿ ಪೂರ್ತಿ ಕುಡಿದಳು, ಆತನ ಹೆಂಡತಿಗೆ ಒಳ್ಳೆಯದಾಗಲಿ ಅಂದಳು, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದಳು. ಆಟೋದಲ್ಲಿ ಕೂತು ಸ್ವಲ್ಪ ದೂರ ಬಂದ ಮೇಲೆ ಅವಳ ಭುಜ ಅಲುಗತೊಡಗಿತು. ಆಟೋದವರು ಕನ್ನಡಿಯಲ್ಲಿ ಒಮ್ಮೆ ನೋಡಿ ರೇಡಿಯೋ ಆರಿಸಿದರು.

ಮುಂದಿನ ದಿನಗಳಲ್ಲಿ ಕ್ಯಾಮೆರಾ ಹುಡುಕುವುದೇ ನಮ್ಮ ಸಂಸಾರವಾಯಿತು. ಹೋಳಿಗೆ ಲೆನ್ಸಿಗೆ ಕಾಲು ಬೇಕು, ಹತ್ತಿರ ಹೋಗಬೇಕು, ಹಿಂದೆ ಸರಿಯಬೇಕು. ಅವಳ ಎಡಗಾಲು ಎಳೆಯತೊಡಗಿದಾಗ ಅದು ಕೆಲಸಕ್ಕೆ ಬಾರದಾಯಿತು. ಝೂಮ್ ಲೆನ್ಸಿಗೆ ಕಾಲು ಬೇಡ, ಆದರೆ ತಿರುಗಿಸುವುದಕ್ಕೆ ಕೈ ಬೇಕು. ಅಂಗಡಿಯಲ್ಲಿ ಕೂತು ನಾನು ಲೆನ್ಸುಗಳ ಬಗ್ಗೆ ಓದುವಾಗ ಬೇರೆಯವರು ಬೆಳಕು, ಬಣ್ಣ, ಚೂಪು ಅಂತ ಬರೆದಿರುತ್ತಿದ್ದರು. ನಾನು ಅವಳಲ್ಲಿ ಇನ್ನೂ ಏನು ಉಳಿದಿದೆ ಅಂತ ನೋಡಿ ಅದಕ್ಕೆ ತಕ್ಕ ಲೆನ್ಸ್ ಹುಡುಕುತ್ತಿದ್ದೆ. ಬಲಗೈ ಪೂರ್ತಿ ಹೋದ ಮೇಲೆ ಇನ್ನೊಂದು ಗೊತ್ತಾಯಿತು. ಲೋಕದಲ್ಲಿರುವ ಕ್ಯಾಮೆರಾಗಳಿಗೆಲ್ಲ ಗುಂಡಿ ಇರುವುದು ಬಲಗಡೆಯೇ. ಎಡಗೈಯವರಿಗೆ ಅಂತ ಯಾರೂ ಮಾಡಿಲ್ಲ. ಎಷ್ಟು ಹುಡುಕಿದೆನೋ ನನಗೇ ಗೊತ್ತಿಲ್ಲ. ಮಹಾಲಕ್ಷ್ಮಿ ಲೇಔಟಿನ ಇಂಜಿನಿಯರಿಗೂ ಫೋನ್ ಮಾಡಿ ಕೇಳಿದೆ. ಅವರು, ಇಷ್ಟು ವರ್ಷದಲ್ಲಿ ನನಗೆ ಇದು ತಲೆಗೇ ಹೋಗಿರಲಿಲ್ಲ ನೋಡಿ ಅಂದರು.

ದಾರಿ ತೋರಿಸಿದವರೂ ಅವರೇ. ಹಿಂದಿನ ಪರದೆ ಮುಟ್ಟಿದರೆ ಸಾಕು, ಮುಟ್ಟಿದ ಜಾಗಕ್ಕೆ ಫೋಕಸ್ ಮಾಡಿ ತಾನೇ ಫೋಟೋ ತೆಗೆಯುವ ಒಂದು ಪುಟ್ಟ ಬಾಡಿ ಇದೆ. ಅದಕ್ಕೆ ಮೋಟರಿನಿಂದ ಝೂಮ್ ಆಗುವ ಲೆನ್ಸ್ ಹಾಕಿ, ಅದರ ಕಡ್ಡಿಯಂಥ ಸಣ್ಣ ಸನ್ನೆಕೋಲನ್ನು ತಳ್ಳಿದರೆ ಸಾಕು ಅಂದರು. ಜನ ಅದನ್ನು ಆಟದ ಸಾಮಾನು ಅಂತ ನಗುತ್ತಾರೆ ಅಂತಲೂ ಹೇಳಿದರು. ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆಗೇ ಒಬ್ಬರು ಮಾರುತ್ತಿದ್ದರು. ಅಷ್ಟೊತ್ತಿಗೆ ಅವಳು ವೀಲ್‌ಚೇರಿನಲ್ಲಿದ್ದಳು, ಅದನ್ನು ತಳ್ಳಿಕೊಂಡೇ ಹೋದೆವು. ಕ್ಯಾಮೆರಾದ ಅಂಚು ಸವೆದಿತ್ತು, ಪರದೆಯ ಮೇಲೆ ಗೀರಿತ್ತು. ಅವಳು ಎಡಗೈಯ ಮಡಿಸಿದ ಬೆರಳಿನ ಗೆಣ್ಣಿನಿಂದ ಪರದೆ ಮುಟ್ಟಿದಳು. ಕ್ಲಿಕ್ ಆಯಿತು. ಮತ್ತೆ ಮುಟ್ಟಿದಳು. ಆ ಮನೆಯವರ ಗೇಟು, ಗೇಟಿನ ಪಕ್ಕದ ದಾಸವಾಳದ ಕುಂಡ, ನನ್ನ ಮುಖ, ಒಂದೇ ಸಮನೆ ತೆಗೆದಳು. ಆ ಸಂಜೆ ನಕ್ಕ ಹಾಗೆ ಅವಳು ನಕ್ಕದ್ದು ನಾನು ಬಹಳ ದಿನದಿಂದ ನೋಡಿರಲಿಲ್ಲ.

ನನ್ನ ಗಿರಾಕಿಯೊಬ್ಬರ ಲೇತ್ ಅಂಗಡಿಯಲ್ಲಿ ಅಲ್ಯುಮಿನಿಯಂನ ಒಂದು ತೋಳು ಮಾಡಿಸಿದೆ. ವೀಲ್‌ಚೇರಿಗೆ ಕಚ್ಚಿಕೊಂಡು ಕ್ಯಾಮೆರಾವನ್ನು ಅವಳ ಮುಂದೆ ಹಿಡಿಯುವಂಥದು. ಕೀಲುಗಳಿಗೆ ನನ್ನ ಅಂಗಡಿಯಲ್ಲಿದ್ದ ಅತ್ಯಂತ ಸಣ್ಣ ಬೇರಿಂಗುಗಳನ್ನು ಹಾಕಿದೆ, ಗೆಣ್ಣು ತಗುಲಿದರೆ ಸಾಕು, ತಿರುಗುತ್ತಿತ್ತು. ಅದರ ಬಲದಿಂದ ಅವಳು ಇನ್ನೊಂದು ತೊಟ್ಟಿಲ ಶಾಸ್ತ್ರಕ್ಕೆ ಹೋದಳು. ವಿಜಯನಗರದ ಅದೇ ಮನೆಯವರು, ಎರಡನೇ ಮಗುವಿಗೆ ನೀವೇ ಬರಬೇಕು ಅಂತ ಹಟ ಹಿಡಿದಿದ್ದರು. ಗಂಡಸರೆಲ್ಲ ಹೊರಗಿದ್ದರು, ನನ್ನೊಬ್ಬನನ್ನು ಒಳಗೆ ಬಿಟ್ಟುಕೊಂಡರು, ಕುರ್ಚಿ ತಳ್ಳುವವನು ಅಂತ. ಮಗುವನ್ನು ತೊಟ್ಟಿಲ ಕೆಳಗಿಂದ ದಾಟಿಸುವಾಗ ಯಾರೂ ಹೇಳದೆಯೇ ಆ ಹೆಂಗಸರು ಕೈ ನಿಧಾನ ಮಾಡಿದರು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಆ ಫೋಟೋಗಳೆಲ್ಲ ಕುರ್ಚಿಯ ಎತ್ತರದಿಂದ ತೆಗೆದವು. ದೊಡ್ಡವರ ಮುಖ ಬಹಳ ಕಡೆ ಅರ್ಧಕ್ಕೆ ತುಂಡಾಗಿದೆ. ಅವರ ನಡುವೆ ನಿಂತ ಮಕ್ಕಳು ಪೂರ್ತಿ ಬಂದಿದ್ದಾರೆ, ನೇರ ಕಣ್ಣಿಗೆ ಕಣ್ಣಿಟ್ಟು. ಅಷ್ಟು ವರ್ಷ ತೆಗೆದದ್ದರಲ್ಲಿ ಇವೇ ಚೆನ್ನಾಗಿವೆ ಅಂತ ಅವಳೇ ಅಂದಳು. ಅಷ್ಟೊತ್ತಿಗೆ ಅವಳ ನಾಲಿಗೆ ತೊಡರುತ್ತಿತ್ತು. ಮೊದಲು ಹೋದದ್ದು ರಕಾರ. ನೋಡ್ರಿ ಅನ್ನುವುದು ನೋಡಿ ಆಯಿತು, ಕೊಡ್ರಿ ಅನ್ನುವುದು ಕೊಡಿ ಆಯಿತು. ಇಷ್ಟು ವರ್ಷ ಇಲ್ಲಿದ್ದೂ ಕಲಿಯದ ಬೆಂಗಳೂರಿನ ಕನ್ನಡವನ್ನು ಕಾಯಿಲೆ ಅವಳಿಗೆ ಕಲಿಸಿತು. ನಾನು ತಮಾಷೆಗೆ ಅದನ್ನು ಹೇಳಿದೆ, ಅವಳೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಾನು ಅತ್ತೆ.

ಅದೇ ಅವಳ ಕೊನೆಯ ಕೆಲಸ. ಆಮೇಲೆ ಗೆಣ್ಣೂ ಹೋಯಿತು. ಮಾತು ಹೋದ ಮೇಲೆ ಮಕ್ಕಳ ಅಕ್ಷರಮಾಲೆಯ ಚಾರ್ಟ್ ತಂದು ಗೋಡೆಗೆ ಹಚ್ಚಿದೆ. ನಾನು ಅಕ್ಷರದ ಮೇಲೆ ಬೆರಳಿಡುತ್ತಾ ಹೋಗುವುದು, ಬೇಕಾದದ್ದು ಬಂದಾಗ ಅವಳು ಕಣ್ಣು ಮುಚ್ಚುವುದು. ಒತ್ತು, ದೀರ್ಘ ಎಲ್ಲ ಬಿಟ್ಟು ಮೂಲ ಅಕ್ಷರ ಮಾತ್ರ ಹೇಳುತ್ತಿದ್ದಳು, ಉಳಿದದ್ದನ್ನು ನಾನು ಸೇರಿಸಿಕೊಳ್ಳುತ್ತಿದ್ದೆ. ಹಾಗೆ ಒಂದು ಮಧ್ಯಾಹ್ನ ಹೇಳಿದಳು, ಕ್ಯಾಮೆರಾ ಮಾರಿಬಿಡಿ, ನಾನಿರುವಾಗಲೇ, ಯಾರು ತಗೊಂಡು ಹೋಗುತ್ತಾರೆ ನೋಡಬೇಕು. ನಾನು ಬೇಡ ಅಂದೆ. ಅವಳು ಮತ್ತೆ ಅದನ್ನೇ ಹೇಳಿದಳು. ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತೆ ಅಂದಳು.

ಹೀಗೆ ನಾವು ಮಾರುವವರಾದೆವು. ನಮ್ಮ ನಡುಮನೆಗೆ ಜನ ಬರತೊಡಗಿದರು. ಮೊದಲು ಬಂದವರು ಎಷ್ಟು ಕ್ಲಿಕ್ ಆಗಿದೆ ಅಂತ ಕೇಳಿದರು, ಬೆಲೆ ಇಳಿಸಿ ಅಂದರು. ಕುರ್ಚಿಯಲ್ಲಿದ್ದವಳ ಕಡೆ ನೋಡದೆಯೇ ಮಾತಾಡಿದರು. ನಾನು ಅವಳ ಮುಖ ನೋಡಿದೆ. ಅವಳು ಕಣ್ಣು ಮುಚ್ಚಲಿಲ್ಲ. ಬೇಡ ಅಂತ ಅರ್ಥ. ಹಾಗೆ ಕೆಲವರು ಬಂದು ಹೋದರು.

ಆಮೇಲೆ ಹಳೇ ಕೆಂಗೇರಿಯಿಂದ ಒಬ್ಬ ಹೆಂಗಸು ಮೆಟ್ರೋ ಹಿಡಿದು ಬಂದರು. ಐವತ್ತರ ಆಸುಪಾಸು, ಗಟ್ಟಿ ಆಳು, ಕೊರಳಲ್ಲಿ ದಪ್ಪ ಸರ. ಅವರದು ಊರಿನ ಹಳೆಯ ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಕಟ್ಟಡಗಳು, ಅವುಗಳ ಹಿಂದೆ ಇನ್ನೂ ಒಂದು ಕೊಟ್ಟಿಗೆ ಉಳಿಸಿಕೊಂಡಿದ್ದಾರೆ. ಬಾಗಿಲಲ್ಲಿ ನಿಂತು ನನಗಿಂತ ಮೊದಲು ಅವಳಿಗೆ ಕೈ ಮುಗಿದರು. ಕುರ್ಚಿಯ ಮುಂದೆ ನೆಲದ ಮೇಲೇ ಕೂತು ಅವಳನ್ನೇ ಕೇಳಿದರು.

"ನಂಗೆ ಇದ್ರದ್ದು ಏನೂ ಗೊತ್ತಿಲ್ಲ ಕಣವ್ವ. ನಮ್ಮನೇಲಿ ಹಸ ಅವೆ. ಫೋನ್‌ನಲ್ಲಿ ತೆಗುದ್ರೆ ಅವುಗಳ ಕಣ್ಣು ಸರಿಯಾಗಿ ಬರಾಕಿಲ್ಲ, ಕರ್ರಗೆ ಆಗೋಯ್ತದೆ. ಇದ್ರಲ್ಲಿ ಬತ್ತದಾ?"

ನನ್ನ ಹೆಂಡತಿಯ ಮುಖದಲ್ಲಿ ಇನ್ನೂ ಆಡುತ್ತಿದ್ದದ್ದು ಕಣ್ಣು ಮತ್ತು ಕಣ್ಣಿನ ಕೆಳಗಿನ ಒಂದಿಷ್ಟು ಜಾಗ. ಅದೆಲ್ಲ ಅರಳಿತು. ಅವಳು ಕಣ್ಣು ಮುಚ್ಚಿದಳು. ಆಮೇಲೆ ಚಾರ್ಟಿನ ಕಡೆ ನೋಡಿದಳು. ನಾನು ಬೆರಳಿಟ್ಟೆ. ಅಕ್ಷರ ಅಕ್ಷರವಾಗಿ ಬಂದದ್ದು ಇದು: ನನ್ನದು ಒಂದು ತೆಗಿ.

ಕಾಯಿಲೆ ಬಂದಾಗಿನಿಂದ ಅವಳು ಒಂದೇ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ನಾನು ಫೋನ್ ಎತ್ತಿದರೆ ಮುಖ ತಿರುಗಿಸುತ್ತಿದ್ದಳು, ತಿರುಗಿಸಲು ಆಗದೆ ಹೋದ ಮೇಲೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಕೈ ಆಡುತ್ತಿದ್ದ ಕಾಲದವು ಸಾಕು ಅಂತ ಮೊದಲೇ ಹೇಳಿದ್ದಳು.

ಅವಳ ಕತ್ತು ನಿಲ್ಲುತ್ತಿರಲಿಲ್ಲ. ನಾನು ಕುರ್ಚಿಯ ಹಿಂದೆ ಹೋಗಿ ಎರಡೂ ಕೈಗಳಿಂದ ಅವಳ ತಲೆಯನ್ನು ನೇರವಾಗಿ ಹಿಡಿದುಕೊಂಡೆ. ಪರದೆ ಮುಟ್ಟಿದರೆ ಸಾಕು ಅಂತ ಆ ಹೆಂಗಸಿಗೆ ಹೇಳಿಕೊಟ್ಟೆ. ಅವರು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಮುಟ್ಟಿದರು. ಕ್ಲಿಕ್ ಆಯಿತು. ಪರದೆಯನ್ನು ತಿರುಗಿಸಿ ಅವಳ ಮುಂದೆ ಹಿಡಿದರು. ಅವಳು ಬಹಳ ಹೊತ್ತು ನೋಡಿದಳು, ಒಮ್ಮೆ ಕಣ್ಣು ಮುಚ್ಚಿ ತೆರೆದಳು. ನನಗೆ ಹಿಂದಿನಿಂದ ಪರದೆಯ ಹೊಳಪು ಮಾತ್ರ ಕಂಡಿತು. ಅಷ್ಟರಲ್ಲಿ ಅವಳಿಗೆ ಎಂಜಲು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ನಾನು ಬೆನ್ನು ನೀವುವುದು, ಬಾಯಿ ಒರೆಸುವುದು ಅಂತ ಅದರಲ್ಲೇ ಇದ್ದೆ. ಆ ಹೆಂಗಸೂ ಪಕ್ಕಕ್ಕೆ ಬಂದು ಅವಳ ಪಾದ ತಿಕ್ಕಿದರು. ಕೆಮ್ಮು ನಿಂತ ಮೇಲೆ ಕ್ಯಾಮೆರಾ, ಲೆನ್ಸು, ಚಾರ್ಜರು ಎಲ್ಲ ಚೀಲಕ್ಕೆ ಹಾಕಿಕೊಟ್ಟೆ. ಆ ಫೋಟೋ ನನ್ನ ಫೋನಿಗೆ ಹಾಕಿಕೊಳ್ಳಲಾ ಅಂತ ಅವಳನ್ನು ಕೇಳಿದೆ. ಅವಳು ಚಾರ್ಟಿನ ಕಡೆ ಕಣ್ಣು ಹೊರಳಿಸಿದಳು. ಅದು ಆ ಹೆಂಗಸು ತೆಗೆದ ಮೊದಲ ಫೋಟೋ, ಅವರ ಹತ್ತಿರವೇ ಇರಲಿ ಅಂದಳು.

ಅವಳು ಹೋದದ್ದು ಆ ಮಳೆಗಾಲ ಮುಗಿಯುವ ಹೊತ್ತಿಗೆ, ಬೆಳಗಿನ ಜಾವದಲ್ಲಿ ಅಲ್ಲ, ಸಂಕಟಪಟ್ಟು ಅಲ್ಲ. ಹಗಲು ಹೊತ್ತಿನಲ್ಲಿ, ನಾನು ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಿರುವಾಗ. ಅವಳು ಹೋದ ಮೇಲೂ ನಾನು ಇನ್ನೂ ಒಂದೆರಡು ಸುದ್ದಿ ಓದಿದ್ದೆ ಅಂತ ಆಮೇಲೆ ಅನ್ನಿಸಿತು.

ಮನೆಯಲ್ಲಿ ಅವಳು ತೆಗೆದ ಫೋಟೋಗಳು ಸಾವಿರಾರಿವೆ. ಅವಳದು, ಕಾಯಿಲೆಗೆ ಮೊದಲಿನವು ಒಂದಿಷ್ಟಿವೆ. ಆದರೆ ನಾನು ಕೊನೆಯ ವರ್ಷಗಳಲ್ಲಿ ಉಣಿಸಿದ, ಸ್ನಾನ ಮಾಡಿಸಿದ, ತಲೆ ಬಾಚಿದ ಮುಖ ಆ ಫೋಟೋಗಳಲ್ಲಿಲ್ಲ. ಜನ ನೋಡಲು ಬಂದಾಗ ಹಳೆಯ ಫೋಟೋಗೆ ಹೂ ಹಾಕಿದ್ದು ನೋಡಿ, ಎಷ್ಟು ಚೆನ್ನಾಗಿದ್ರು ಅನ್ನುತ್ತಿದ್ದರು. ನನಗೆ ಆ ಮುಖ ಯಾರದೋ ಅನ್ನಿಸುತ್ತಿತ್ತು. ನನಗೆ ಬೇಕಾದದ್ದು ಸೊರಗಿದ, ಬಾಯಿ ಸ್ವಲ್ಪ ತೆರೆದೇ ಇರುತ್ತಿದ್ದ ಮುಖ. ಕೆಲವು ವಾರ ತಡೆದುಕೊಂಡೆ, ಅವಳು ಬೇಡ ಅಂದಿದ್ದಳಲ್ಲ ಅಂತ. ಆಮೇಲೆ ತಡೆಯಲಾಗದೆ ಹಳೇ ಕೆಂಗೇರಿಗೆ ಫೋನ್ ಮಾಡಿದೆ.

ಸುದ್ದಿ ಕೇಳಿ ಆ ಹೆಂಗಸು ಫೋನಿನಲ್ಲೇ ಅತ್ತರು. ಫೋಟೋ ಕೇಳಿದಾಗ, ಮನೆಗೇ ಬನ್ನಿ ಸಾರ್ ಅಂದರು, ದನಿ ಕುಗ್ಗಿತ್ತು. ಮಾರನೆಯ ದಿನ ಅಂಗಡಿ ತೆರೆಯದೆ ಮೆಟ್ರೋ ಹತ್ತಿದೆ.

ಅಂಗಳದ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, ಕ್ಯಾಮೆರಾವನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದು ಎದುರಿಗೆ ನಿಂತರು. ನಡೆದದ್ದು ಇಷ್ಟು. ಕ್ಯಾಮೆರಾ ಬಳಸುವುದನ್ನು ಅವರು ಫೋನಿನಲ್ಲಿ ವಿಡಿಯೋ ನೋಡಿ ಕಲಿತರು. ಬೇರೆಯವರ ಕ್ಯಾಮೆರಾ ತಗೊಂಡರೆ ಅದರೊಳಗೆ ಫೋಟೋ ಉಳಿಯುವ ಕಾರ್ಡನ್ನು ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ವಿಡಿಯೋದಲ್ಲಿ ಹೇಳಿದರು. ಫಾರ್ಮ್ಯಾಟ್ ಅಂದರೆ ಎಲ್ಲ ಅಳಿಸಿಹೋಗುತ್ತೆ ಅಂತ ಗೊತ್ತಿರಲಿಲ್ಲ, ಒರೆಸಿ ಚೊಕ್ಕ ಮಾಡುವುದು ಅಂದುಕೊಂಡಿದ್ದರು. ಗೊತ್ತಾದ ಮೇಲೆ ನಮಗೆ ಫೋನ್ ಮಾಡಲು ಮುಖವಿಲ್ಲದೆ ಸುಮ್ಮನಾದರು. ಆಮೇಲೆ ಅದೇ ಕಾರ್ಡಿನ ಮೇಲೆ ದಿನಾ ಹಸುಗಳ ಫೋಟೋ ತೆಗೆದಿದ್ದರು. ಕಾರ್ಡನ್ನು ಕೆಂಗೇರಿ ಉಪನಗರದ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆವು, ಇಬ್ಬರೂ ಒಟ್ಟಿಗೆ. ಅಂಗಡಿಯವರು ಬಹಳ ಹೊತ್ತು ಏನೇನೋ ಮಾಡಿ ನೋಡಿದರು. ಹಳೆಯದರ ಜಾಗದಲ್ಲಿ ಹೊಸದು ಕೂತುಬಿಟ್ಟಿದೆ ಸಾರ್, ಬರಲ್ಲ ಅಂದರು.

ವಾಪಸ್ ಬಂದು ಮತ್ತೆ ಹುಣಸೆ ಮರದ ಕೆಳಗೆ ಕೂತೆವು. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ, ಬಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಹೋಗಲಿ ಬಿಡಿ, ನಿಮಗೇನು ಗೊತ್ತಿತ್ತು ಅಂದೆ. ಆಮೇಲೆ ಕೇಳಿದೆ, ನಾನು ಹಿಂದಿದ್ದೆ, ನನಗೆ ಅವಳ ಮುಖ ಕಾಣಲಿಲ್ಲ, ಆ ಫೋಟೋದಲ್ಲಿ ಅವಳು ಹೇಗಿದ್ದಳು ಅಂತ.

ಅವರು ಕಣ್ಣೊರೆಸಿಕೊಂಡು ಯೋಚಿಸಿದರು. "ಕ್ಯಾಮೆರಾ ನೋಡಿ ಅಂತ ಎರಡು ಸಲ ಅಂದೆ ಸಾರ್. ಅವರು ನೋಡ್ನಿಲ್ಲ. ಕಣ್ಣು ಮೇಲೆ ಮಾಡ್ಕೊಂಡು ನಿಮ್ಮನ್ನ ನೋಡಾಕೆ ಒದ್ದಾಡ್ತಿದ್ರು. ಫೋಟೋದಲ್ಲಿ ನಿಮ್ಮ ಕೈ ಎರಡೂ ಬಂದಿದ್ವು, ಕೆನ್ನೆ ಪಕ್ಕ. ಅವರ ಕಣ್ಣು ಮೇಲ್ಗಡೆ ಇತ್ತು."

ನಾನು ನನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಾಗಿತ್ತು, ಅವರನ್ನು ಒಳಗಿನಿಂದ ಯಾರೋ ಕೂಗಿದರು. ನೀವು ಹೋಗಿ ಅಂದೆ, ಅವರು ಹೋಗಲಿಲ್ಲ. ಬಿಸಿಲು ಕಟ್ಟಡಗಳ ಹಿಂದೆ ಇಳಿದ ಮೇಲೆ ಅವರೇ ನನ್ನನ್ನು ಕೆಂಗೇರಿ ಸ್ಟೇಷನ್ನಿನವರೆಗೆ ನಡೆಸಿಕೊಂಡು ಬಂದರು. ರೈಲು ಬರುವವರೆಗೆ ನಿಲ್ಲುತ್ತೇನೆ ಅಂದರು. ಬೇಡ, ಹಸುಗಳು ಕಾಯುತ್ತಿರುತ್ತವೆ ಅಂತ ಕಳಿಸಿಕೊಟ್ಟೆ.